ಅಟ್ಟದಿಂದ ಇಳಿದ ಒತ್ತಕ್ಷರ

ಬೆಳಿಗ್ಗೆ ಎಂಟೂವರೆಗೆ ತಿಪಟೂರಿನ ಬಸ್ ನಿಲ್ದಾಣದಲ್ಲಿ ಕಣ್ಣಿಗೆ ಬೀಳುವವರಲ್ಲಿ ಅರ್ಧ ಜನ ಮೇಷ್ಟ್ರುಗಳು, ಮಿಸ್ಸುಗಳು. ಕೈಯಲ್ಲಿ ಟಿಫನ್ ಚೀಲ, ಕಂಕುಳಲ್ಲಿ ಸುರುಳಿ ಸುತ್ತಿದ ಡ್ರಾಯಿಂಗ್ ಶೀಟು, ಕಣ್ಣು ಬಸ್ಸಿನ ಬೋರ್ಡಿನ ಮೇಲೆ. ಕಾಯಿ ತುಂಬಿದ ಲಗೇಜ್ ಆಟೊಗಳು ಬಿ.ಎಚ್. ರಸ್ತೆಯಲ್ಲಿ ಒಂದರ ಹಿಂದೊಂದು ನುಗ್ಗುತ್ತಿವೆ. ಆ ಗುಂಪಿನಲ್ಲಿದ್ದ ಒಬ್ಬ ಶಿಕ್ಷಕಿಯ ಕಾಲ ಬಳಿ ಒಂದು ಗೋಣಿಚೀಲ. ಬಸ್ಸಿಗೆ ಎತ್ತಿಡುವಾಗ ಕಟಕಟ ಸದ್ದಾಯಿತು. ಕಂಡಕ್ಟರು ಚೀಲದ ಬಾಯಿ ಸರಿಸಿ ನೋಡಿದರೆ ಒಳಗೆ ಬರೀ ಕರಟ. ನಾರು ಕೆರೆದು, ಉಜ್ಜಿ ನಯ ಮಾಡಿದ ಅರೆ ಕರಟಗಳು. ಒಂದೊಂದರ ಬೆನ್ನ ಮೇಲೆ ಬಿಳಿ ಪೇಂಟಿನಲ್ಲಿ ಒಂದೊಂದು ಅಕ್ಷರ.

“ತೋಟದ ಸೀಮೆಗೇ ಕರಟ ಹೊತ್ಕೊಂಡ್ ಹೋಗ್ತೀರಲ್ಲ ಮಿಸ್ಸು!”

“ಈಗ ಕರಟಕ್ಕೂ ರೇಟ್ ಐತೆ ಕಣಪ್ಪ. ಮಕ್ಕಳ ಮನೇಲಿ ಕೇಳಿದ್ರೆ ಇದ್ದಿಲಿನೋರಿಗೆ ಕೊಟ್ವಿ ಅಂತಾರೆ.”

ಕಂಡಕ್ಟರು ನಕ್ಕು ಲಗೇಜಿನ ಚೀಟಿ ಹರಿಯದೆ ಮುಂದೆ ಹೋದ.

ಊರು ದಾಟಿದರೆ ಎರಡೂ ಕಡೆ ಮರ. ಇಲ್ಲಿ ಬರೀ ಮರ ಅಂದರೆ ತೆಂಗಿನ ಮರ ಅಂತಲೇ ಅರ್ಥ. ಮಾವು, ಹಲಸು, ಹುಣಸೆಗಳಿಗೆ ಮಾತ್ರ ಹೆಸರು ಹಿಡಿದು ಕರೆಸಿಕೊಳ್ಳುವ ಭಾಗ್ಯ. ನಡುನಡುವೆ ಕೆರೆ ಏರಿ, ಬದುವಿನಲ್ಲಿ ಒಟ್ಟಿದ ಮಟ್ಟೆಯ ಗುಡ್ಡೆ, ಕಾಯಿ ಕೂಡಿಡಲೆಂದೇ ಎತ್ತರಿಸಿ ಕಟ್ಟಿದ ಅಟ್ಟದ ಮನೆಗಳು. ಇಂಥದೊಂದು ಊರಿನ ನಡುವೆ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ. ಒಂದರಿಂದ ಮೂರನೆಯ ತರಗತಿವರೆಗಿನ ಮಕ್ಕಳೆಲ್ಲ ಒಂದೇ ಕೋಣೆಯಲ್ಲಿ, ನೆಲದ ಮೇಲೆ.

ಹೊರಗಿನವರಿಗೆ ಈ ಕೋಣೆ ಮೊದಲು ಸಂತೆಯ ಹಾಗೆ ಕಾಣುತ್ತದೆ. ಒಂದು ಗುಂಪು ಮಿಸ್ಸಿನ ಸುತ್ತ ಕೂತಿದೆ, ಇನ್ನೊಂದು ತಾನೇ ಕಾರ್ಡು ತೆಗೆದು ಓದಿಕೊಳ್ಳುತ್ತಿದೆ, ಮತ್ತೊಂದರಲ್ಲಿ ಮೂರನೆಯ ತರಗತಿಯ ಹುಡುಗಿ ಒಂದನೆಯವನ ಕೈ ಹಿಡಿದು ತಿದ್ದಿಸುತ್ತಿದ್ದಾಳೆ. ಗೋಡೆಯ ಮೇಲೆ ಕಲಿಕಾ ಏಣಿ. ಯಾವ ಮಗು ಯಾವ ಮೆಟ್ಟಿಲಲ್ಲಿದೆ ಎಂದು ಮಗುವೇ ಬಂದು ಬೆರಳಿಟ್ಟು ತೋರಿಸಬಲ್ಲದು. ತಲೆಯ ಮೇಲೆ ಅಡ್ಡಡ್ಡ ಕಟ್ಟಿದ ದಾರಗಳ ಚಪ್ಪರ, ಅದರಲ್ಲಿ ಮಕ್ಕಳು ಬರೆದ ಚೀಟಿ, ಬಿಡಿಸಿದ ಚಿತ್ರ. ನಲಿ-ಕಲಿ ಅಂದರೆ ಇದೇ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಮೇಷ್ಟ್ರುಗಳು ಆಂಧ್ರದ ರಿಷಿ ವ್ಯಾಲಿಯ ಶಾಲೆಗಳನ್ನು ನೋಡಿಬಂದು, ಯುನಿಸೆಫ್ ನೆರವಿನಲ್ಲಿ ತಾವೇ ಕೂತು ಕಾರ್ಡು ಬರೆದು ಶುರುಮಾಡಿದ್ದು. 2009-10ರಲ್ಲಿ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ಬಂತು. ಮೇಷ್ಟ್ರುಗಳೇ ಬರೆದುಕೊಂಡ ಕಾರ್ಡು ಅಚ್ಚಾಗಿ, ಪೆಟ್ಟಿಗೆಯಲ್ಲಿ ಬರುವಂತಾಯಿತು. ಪೆಟ್ಟಿಗೆ ಬಂದ ಮೇಲೆ ಬರೆಯುವ ಕೈ ನಿಂತಿತು ಎಂದು ಗೊಣಗುವ ಹಳಬರಿದ್ದಾರೆ. ಅವರ ಮಾತಿನಲ್ಲಿ ಹುರುಳಿದೆ ಎಂದೇ ನನಗೂ ಅನ್ನಿಸುತ್ತದೆ.

ನಲಿ-ಕಲಿಯ ಅಕ್ಷರಗಳು ಅ ಆ ಇ ಈ ಎಂದು ಸಾಲಾಗಿ ಬರುವುದಿಲ್ಲ. ಮೊದಲು ರ ಗ ಸ ದ ಅ. ಆಮೇಲೆ ಜ ವ ಮ ಬ ನ. ಐದು ಅಕ್ಷರ ಕಲಿತ ಮಗು ಆ ದಿನವೇ ಸರ, ದರ, ಅರಸ, ಅಗಸ ಓದಿಬಿಡುತ್ತದೆ. ಇಡೀ ವರ್ಣಮಾಲೆ ಮುಗಿಸಿ, ಕಾಗುಣಿತದ ಬಳ್ಳಿ ಹಾಡಿ, ವರ್ಷ ಕಳೆದ ಮೇಲೆ ಮೊದಲ ಪದ ಕಾಣುತ್ತಿದ್ದ ಕಾಲದವರಿಗೆ ಇದು ದೊಡ್ಡ ಪವಾಡವೇ. ಆದರೆ ಅಗಸನನ್ನೂ ಅರಸನನ್ನೂ ಈ ಊರಿನ ಮಗು ಕಂಡಿಲ್ಲ. ಹತ್ತು ಅಕ್ಷರ ಆದಮೇಲೆ ‘ಮರ’ ಬರುತ್ತದೆ. ಗೋಣಿಚೀಲದ ಮಿಸ್ಸು ಕಾಯುವುದು ಈ ಪದಕ್ಕೆ. “ಮರ ಓದಿದ ಮೇಲೆ ಅವರನ್ನ ಹಿಡಿಯೋಕಾಗಲ್ಲ. ಮರದಾಗೆ ಇರೋದೆಲ್ಲ ಓದ್ಬೇಕು ಅಂತಾರೆ.”

ಚೀಲ ನೆಲಕ್ಕೆ ಸುರಿಯುತ್ತಾರೆ. ಕರಟಗಳು ಉರುಳಿ, ಗಿರಗಿರ ತಿರುಗಿ ನಿಲ್ಲುತ್ತವೆ. ಜತೆಗೆ ಒಂದು ಡಬ್ಬಿ, ಅದರ ತುಂಬ ಗರಿಯ ಕಡ್ಡಿಗಳು. ಹಸಿಯಿರುವಾಗ ಬಗ್ಗಿಸಿ ದಾರ ಕಟ್ಟಿ ಒಣಗಿಸಿದ್ದರಿಂದ ಕೆಲವು ಸುರುಳಿಯಾಗಿವೆ, ಕೆಲವು ಕೊಕ್ಕೆಯಾಗಿವೆ. ಹತ್ತಿರ ಹೋಗಿ ನೋಡಿದರೆ ಈ ಸಾಮಾನಿನ ಜಾಣತನ ಗೊತ್ತಾಗುತ್ತದೆ. ಕರಟದ ಮೇಲೆ ಬರೆದ ಅಕ್ಷರಕ್ಕೆ ತಲಕಟ್ಟಿಲ್ಲ. ತಲಕಟ್ಟು ಒಂದು ಕಡ್ಡಿ, ಗುಡಿಸು ಒಂದು ಕಡ್ಡಿ, ಕೊಂಬು ಒಂದು ಕಡ್ಡಿ, ಏತ್ವ ಒಂದು ಕಡ್ಡಿ. ಗ, ರ ಪಕ್ಕಪಕ್ಕ ಇಟ್ಟು ಎರಡಕ್ಕೂ ತಲಕಟ್ಟು ಕೊಟ್ಟರೆ ‘ಗರ’. ರ ಮೇಲಿನ ತಲಕಟ್ಟು ತೆಗೆದು ಗುಡಿಸು ಕೂರಿಸಿದರೆ ‘ಗರಿ’. ತಲಕಟ್ಟು ಹೋದ ಜಾಗಕ್ಕೇ ಗುಡಿಸು ಬರುತ್ತದೆ ಎಂಬ ವಿಷಯ, ಎಷ್ಟು ಸಲ ಬೋರ್ಡಿನ ಮೇಲೆ ಹೇಳಿದರೂ ತಲೆಗೆ ಹೋಗದಿದ್ದುದು, ಇಲ್ಲಿ ಬೆರಳಿಗೆ ಹೋಗುತ್ತದೆ.

ಒಬ್ಬ ಪುಟ್ಟ ಹುಡುಗ ‘ಬ’ ಹಿಡಿದು ಯಾವ ಕಡ್ಡಿ ಇಟ್ಟರೂ ಒಪ್ಪದೆ ತಿರುಗಿಸಿ ತಿರುಗಿಸಿ ನೋಡಿದ. ಕೊನೆಗೆ ಘೋಷಿಸಿದ: “ಮಿಸ್, ಬ ಬೋಳು!” ಹೌದಲ್ಲ, ಬ, ಜ, ಲ, ಣ, ಟಗಳಿಗೆ ತಲಕಟ್ಟೇ ಇಲ್ಲ. ಐವತ್ತು ವರ್ಷ ಕನ್ನಡ ಬರೆದವರಿಗೂ ಕೇಳಿದರೆ ತಕ್ಷಣ ಹೊಳೆಯದ ಮಾತು. ಅವತ್ತು ಊಟದ ಗಂಟೆಯವರೆಗೂ ಕೋಣೆಯಲ್ಲಿ ಬೋಳು ಅಕ್ಷರಗಳ ಬೇಟೆ ನಡೆಯಿತು.

ಮಕ್ಕಳ ಬಾಯಲ್ಲಿರುವ ಪದದಿಂದಲೇ ಓದು ಶುರುಮಾಡಬೇಕು ಎಂಬ ವಿಚಾರ ಹಳೆಯದು. ನ್ಯೂಜಿಲೆಂಡಿನ ಮಾವೋರಿ ಮಕ್ಕಳಿಗೆ ಪಾಠ ಹೇಳುತ್ತಿದ್ದ ಸಿಲ್ವಿಯಾ ಆಷ್ಟನ್-ವಾರ್ನರ್ ದಿನಾ ಬೆಳಿಗ್ಗೆ ಒಂದೊಂದು ಮಗುವನ್ನೂ ಕರೆದು, ಇವತ್ತು ನಿನಗೆ ಯಾವ ಪದ ಬೇಕು ಎಂದು ಕೇಳಿ, ಅದನ್ನು ಕಾರ್ಡಿನ ಮೇಲೆ ಬರೆದುಕೊಡುತ್ತಿದ್ದರು. ಮಕ್ಕಳು ಕೇಳಿದ್ದು ಹೆಚ್ಚಾಗಿ ಭಯದ, ಪ್ರೀತಿಯ ಪದಗಳನ್ನು. ಅಂಥ ಪದ ಒಂದೇ ಸಲಕ್ಕೆ ನೆನಪಲ್ಲಿ ಕೂರುತ್ತಿತ್ತು. ಇದನ್ನು ವಿವರಿಸಿ ಅವರು ಬರೆದ ಪುಸ್ತಕ 1963ರಲ್ಲಿ ಬಂತು. ಅದೇ ವರ್ಷ ಬ್ರೆಜಿಲ್ಲಿನ ಆಂಜಿಕೋಸ್ ಎಂಬ ಊರಿನಲ್ಲಿ ಪೌಲೊ ಫ್ರೇರೆ ಸುಮಾರು 300 ಜನ ದುಡಿಯುವವರಿಗೆ ನಲವತ್ತು ಗಂಟೆಯ ಪಾಠದಲ್ಲಿ ಓದು ಬರಹ ಕಲಿಸಲು ಹೊರಟ. ಅವನು ಆರಿಸಿಕೊಂಡದ್ದೂ ಅವರ ದಿನದ ಕೆಲಸದ ಪದಗಳನ್ನೇ. ಇಟ್ಟಿಗೆ ಹೊರುವವನಿಗೆ ಇಟ್ಟಿಗೆ. ಮರುವರ್ಷ ಸೇನೆ ಅಧಿಕಾರ ಹಿಡಿದು ಅವನನ್ನು ಜೈಲಿಗೆ ಹಾಕಿತು, ಆಮೇಲೆ ದೇಶ ಬಿಡಿಸಿತು. ನಮ್ಮ ಮಿಸ್ಸು ಇವರಿಬ್ಬರ ಹೆಸರನ್ನೂ ಕೇಳಿದವರಲ್ಲ. ಅವರಿಗೆ ಈ ಯೋಚನೆ ಬಂದದ್ದು ಒಂದು ಮಳೆಗಾಲದಲ್ಲಿ, ಕಲಿಕಾ ಏಣಿಯಲ್ಲಿ ಒತ್ತಕ್ಷರದ ಮೈಲುಗಲ್ಲಿಗೆ ಬಂದು ಅರ್ಧ ಕ್ಲಾಸು ನಿಂತುಬಿಟ್ಟಾಗ.

ಒತ್ತಕ್ಷರ ಅಂದರೆ ಕನ್ನಡ ಕಲಿಸುವವರ ಪಾಲಿಗೆ ಕಡಿದಾದ ಏರು. ಕನ್ನಡ ಮಕ್ಕಳ ಓದಿನ ಬಗ್ಗೆ ಬೆಂಗಳೂರಿನ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳುವುದೂ ಇದನ್ನೇ. ಇಂಗ್ಲಿಷಿನ ಇಪ್ಪತ್ತಾರು ಅಕ್ಷರದ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಗುಣಿತ, ಒತ್ತು ಎಲ್ಲ ಸೇರಿ ನೂರಾರು ರೂಪಗಳಾಗುವುದರಿಂದ ಅಕ್ಷರ ಕಲಿಕೆ ನಾಲ್ಕನೆಯ ತರಗತಿವರೆಗೂ ಎಳೆಯುತ್ತದೆ. ಎರಡನೆಯ ಕ್ಲಾಸಿನ ಮಗುವಿಗೆ ಒತ್ತು ಬರಲಿಲ್ಲ ಎಂದರೆ ಅದು ದಡ್ಡತನವಲ್ಲ, ದಾರಿ ಉದ್ದವಿದೆ ಅಷ್ಟೆ.

ಆ ಮಳೆಗಾಲದ ಒಂದು ಶನಿವಾರ ಮಿಸ್ಸು ಮಕ್ಕಳನ್ನು ಪಕ್ಕದ ಮನೆಯಂಗಳಕ್ಕೆ ಕರೆದುಕೊಂಡು ಹೋದರು. ಅವತ್ತು ಅಲ್ಲಿ ಅಟ್ಟದಿಂದ ಕಾಯಿ ಇಳಿಸುತ್ತಿದ್ದರು. ತಿಪಟೂರಿನ ಉಂಡೆ ಕೊಬ್ಬರಿಗೆ ಹೆಸರು ಬಂದಿರುವುದೇ ಈ ಅಟ್ಟದಿಂದ. ಬಲಿತ ಕಾಯನ್ನು ಮಟ್ಟೆ ಸಮೇತ ಅಟ್ಟಕ್ಕೇರಿಸಿ ಎಂಟು ತಿಂಗಳಿಂದ ವರ್ಷದವರೆಗೆ ಬಿಡಬೇಕು. ಕೆಳಗಿನಿಂದ ಆಗಾಗ ಸಣ್ಣ ಹೊಗೆ. ಒಳಗಿನ ನೀರು ತಾನಾಗಿ ಆರಿ, ತಿರುಳು ಚಿಪ್ಪು ಬಿಟ್ಟು ಉಂಡೆಯಾಗಿ ಉರುಳಾಡುತ್ತದೆ. ಅಜ್ಜಿಯೊಬ್ಬಳು ಒಂದೊಂದೇ ಕಾಯಿ ಕಿವಿಯ ಹತ್ತಿರ ಹಿಡಿದು ಅಲುಗಿಸಿ, ಗಡಗಡ ಅಂದರೆ ಈ ಕಡೆ, ಲೊಟಲೊಟ ಅಂದರೆ ಆ ಕಡೆ ಹಾಕುತ್ತಿದ್ದಳು. ಕಬ್ಬಿಣದ ಗೂಟಕ್ಕೆ ಕಾಯಿ ಕುಕ್ಕಿ ಮಟ್ಟೆ ಸುಲಿಯುವವರ ತೋಳು ನಿಲ್ಲದೆ ಆಡುತ್ತಿತ್ತು. ಸಾವಿರಕ್ಕೆ ಇಷ್ಟು ಎಂದು ಕೂಲಿ, ನಿಂತರೆ ನಷ್ಟ. ಹೆಂಗಸರು ಕರಟಕ್ಕೆ ಮಚ್ಚಿನ ಹಿಂಬದಿಯಿಂದ ಪೆಟ್ಟು ಕೊಟ್ಟು, ಉಂಡೆ ಒಡೆಯದಂತೆ ಬಿಡಿಸುತ್ತಿದ್ದರು.

ಮಕ್ಕಳ ಕೈಯಲ್ಲಿ ಸ್ಲೇಟು. ಕೇಳಿದ್ದನ್ನು ಬರೆಯಿರಿ, ತಪ್ಪಾದರೂ ಚಿಂತೆಯಿಲ್ಲ ಎಂದಿದ್ದರು ಮಿಸ್ಸು. ಶಾಲೆಗೆ ಮರಳಿ ಬೋರ್ಡಿಗೆ ಏರಿಸಿದಾಗ ಪಟ್ಟಿ ಹೀಗಿತ್ತು: ಅಟ್ಟ, ಮಟ್ಟೆ, ಕೊಬ್ಬರಿ, ಚಿಪ್ಪು, ಹಗ್ಗ, ಕತ್ತ, ಮಚ್ಚು, ಅಜ್ಜಿ, ಬುಟ್ಟಿ, ಗುಡ್ಡೆ. ಮಿಸ್ಸು ಸುಮ್ಮನೆ ನಿಂತು ನೋಡಿದರಂತೆ. ಹತ್ತಕ್ಕೆ ಹತ್ತೂ ಸಜಾತಿ ಒತ್ತು. ತಿಂಗಳಿಂದ ಯಾವ ಮೈಲುಗಲ್ಲಿನ ಮುಂದೆ ಕ್ಲಾಸು ಕೂತಿತ್ತೋ ಅದರ ಪದಗಳೆಲ್ಲ ಪಕ್ಕದ ಮನೆಯ ಅಟ್ಟದಲ್ಲಿದ್ದವು!

ಈ ಪಟ್ಟಿಯಲ್ಲಿ ಇನ್ನೊಂದು ಅನುಕೂಲವಿದೆ, ಅದನ್ನು ಕಂಡುಹಿಡಿದವರು ಮಕ್ಕಳೇ. ಟ, ಬ, ಪ, ಗ, ಚಗಳ ಒತ್ತು ನೋಡಲು ತಾಯಿ ಅಕ್ಷರದ ಪುಟ್ಟ ರೂಪ. ದೊಡ್ಡ ಕರಟದ ಕೆಳಗೆ ಅದೇ ಅಕ್ಷರದ ಚಿಕ್ಕ ಕರಟ ಇಟ್ಟರೆ ಮುಗಿಯಿತು. ತ, ನ, ಮ, ಯ, ರ, ಲಗಳ ಒತ್ತು ಮಾತ್ರ ವೇಷ ಮರೆಸಿಕೊಂಡು ಬರುತ್ತದೆ. ಹಾಗಾಗಿ ಪಟ್ಟಿಯಲ್ಲಿ ‘ಕತ್ತ’ ಒಂದೇ ತಕರಾರಿನದು. ಮಿಸ್ಸು ಅದನ್ನು ಕೊನೆಗಿಟ್ಟರು. ಮೊದಲು ಅಟ್ಟ, ಮಟ್ಟೆ. ಅವು ಗಟ್ಟಿಯಾದ ಮೇಲೆ ಕತ್ತ. ಅಂಗಡಿಯಿಂದ ಕತ್ತದ ಹಗ್ಗದ ಒಂದು ತುಂಡು ತಂದು, ಅದನ್ನೇ ನೆಲದ ಮೇಲೆ ತ-ಒತ್ತಿನ ಆಕಾರಕ್ಕೆ ಸುತ್ತಿ ಕೂರಿಸಿದರು. ನಾನು ಕಂಡ ಯಾವ ತರಬೇತಿಯ ಕೈಪಿಡಿಯಲ್ಲೂ ಈ ಕ್ರಮ ಇಲ್ಲ. ಇರಬೇಕಿತ್ತು.

ಅದೇ ದಿನ ಒಬ್ಬ ಹುಡುಗಿ ಸ್ಲೇಟಿನ ಮೇಲೆ ಬರೆದಿದ್ದ ವಾಕ್ಯ: ‘ಅಜ್ಜಿ ಅಟ್ಟ ಅತ್ತಿದ್ಲು’. ತುಮಕೂರು ಸೀಮೆಯ ನಾಲಿಗೆಯಲ್ಲಿ ಹ ನಿಲ್ಲುವುದಿಲ್ಲ. ಹಾಲು ಆಲು, ಹಸು ಅಸು, ಹಳ್ಳಿ ಅಳ್ಳಿ. ಇದಕ್ಕೆ ಕೆಂಪು ಶಾಯಿ ಹೊಡೆಯುವ ಮೇಷ್ಟ್ರುಗಳನ್ನು ನಾನು ಬಹಳ ನೋಡಿದ್ದೇನೆ. ಆ ಹುಡುಗಿ ಮಾಡಿದ್ದು ಸಣ್ಣ ಕೆಲಸವಲ್ಲ. ಕಿವಿಗೆ ಬಿದ್ದ ಸದ್ದನ್ನು ಒಂದೂ ಬಿಡದೆ ಅಕ್ಷರಕ್ಕಿಳಿಸಿದ್ದಾಳೆ, ಒತ್ತನ್ನೂ ಸರಿಯಾಗಿ ಕೊಟ್ಟಿದ್ದಾಳೆ. ಮಿಸ್ಸು ಅದರ ಕೆಳಗೆ ‘ಅಜ್ಜಿ ಅಟ್ಟ ಹತ್ತಿದ್ದಳು’ ಎಂದು ಬರೆದು ಎರಡನ್ನೂ ಓದಿಸಿದರು. ಮೇಲಿನದು ಅಜ್ಜಿ ಹೇಳುವುದು, ಕೆಳಗಿನದು ಪುಸ್ತಕ ಹೇಳುವುದು. ಅಷ್ಟೇ ವಿವರಣೆ. ಮೇಲಿನದನ್ನು ಅಳಿಸಲಿಲ್ಲ.

ಪದ ಓದಿಸುವುದು ಬೇರೆ, ಓದಿದ್ದರಲ್ಲಿ ಏನಿದೆ ಎಂದು ಕಾಣಿಸುವುದು ಬೇರೆ. ಕೆಲವು ವರ್ಷಗಳ ಹಿಂದೆ ಯಾದಗಿರಿಯಲ್ಲೂ ಮಹಾರಾಷ್ಟ್ರದ ವಾಡಾದಲ್ಲೂ ಮಕ್ಕಳ ಓದನ್ನು ಮೂರು ವರ್ಷ ಬೆನ್ನುಹತ್ತಿ ನೋಡಿದ ಶೈಲಜಾ ಮೆನನ್ ಮತ್ತು ಸಂಗಡಿಗರ ಅಧ್ಯಯನ ಬೊಟ್ಟು ಮಾಡಿದ್ದು ಇಲ್ಲಿಗೇ. ತರಗತಿಯ ಹೊತ್ತೆಲ್ಲ ಅಕ್ಷರ ಜೋಡಿಸುವುದರಲ್ಲಿ ಕಳೆಯುತ್ತದೆ, ಅರ್ಥಕ್ಕೆ, ಕತೆಗೆ, ಮಗು ತಾನಾಗಿ ಬರೆಯುವುದಕ್ಕೆ ಜಾಗ ಸಿಗುವುದಿಲ್ಲ. ಕರಟದ ಆಟಕ್ಕೂ ಈ ಅಪಾಯ ಇದ್ದೇ ಇದೆ. ಆಟ ಚೆಂದ ಎಂದು ಅದರಲ್ಲೇ ಉಳಿದುಬಿಟ್ಟರೆ ಅದೂ ಇನ್ನೊಂದು ಪೆಟ್ಟಿಗೆ.

ಆದ್ದರಿಂದ ನಾಲ್ಕು, ಐದನೆಯ ತರಗತಿಯ ಕೋಣೆಗೆ ಹೋಗೋಣ. ಅಲ್ಲಿ ಒಬ್ಬ ಮೇಷ್ಟ್ರು ಗೋಡೆಗೆ ಹಳೆಯ ಚೀಟಿಗಳನ್ನು ಅಂಟಿಸಿದ್ದಾರೆ. ಬಸ್ ಟಿಕೆಟ್ಟು, ಔಷಧದ ಪೊಟ್ಟಣ, ನ್ಯಾಯಬೆಲೆ ಅಂಗಡಿಯ ಚೀಟಿ, ಮಂಡಿಯ ಲೆಕ್ಕದ ಪಟ್ಟಿ, ಮದುವೆಯ ಕರೆಯೋಲೆ. ಮಂಡಿಯ ಪಟ್ಟಿಯಲ್ಲಿ ರೈತನ ಹೆಸರಿದ್ದ ಜಾಗಕ್ಕೆ ಕಾಗದ ಮೆತ್ತಿದ್ದಾರೆ, ಮನೆಯ ಲೆಕ್ಕ ಊರಿಗೆ ಯಾಕೆ ಎಂದು. ಉಳಿದದ್ದೆಲ್ಲ ಪಾಠ: ಚೀಲ ಎಷ್ಟು, ತೂಕ ಎಷ್ಟು, ಕ್ವಿಂಟಲಿಗೆ ಎಷ್ಟು, ಕಳೆದದ್ದು ಏನೇನು, ಕೈಗೆ ಬಂದದ್ದು ಎಷ್ಟು. 2024ರ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಗೊತ್ತುಮಾಡಿದ ಬೆಂಬಲ ಬೆಲೆ ಕ್ವಿಂಟಲಿಗೆ 12,000 ರೂಪಾಯಿ. ಪತ್ರಿಕೆಯ ಆ ತುಣುಕೂ ಗೋಡೆಯಲ್ಲಿದೆ. ಅದರ ಪಕ್ಕ ಒಬ್ಬ ಹುಡುಗ ಬರೆದು ಸಿಕ್ಕಿಸಿದ ಪ್ರಶ್ನೆ: ‘ನಮ್ಮ ಅಪ್ಪ ಯಾಕೆ ಕಮ್ಮಿಗೆ ಕೊಟ್ಟರು?’ ಓದಿ ಅರ್ಥಮಾಡಿಕೊಳ್ಳುವ ಸಾಮರ್ಥ್ಯ ಎಂದು ಇಲಾಖೆಯ ಕಾಗದಗಳು ಯಾವುದನ್ನು ಕರೆಯುತ್ತವೋ ಅದು ಆ ಒಂದು ಸಾಲಿನಲ್ಲಿತ್ತು. ಉತ್ತರ ಹೇಳುವುದು ಮೇಷ್ಟ್ರಿಗೂ ಸುಲಭವಾಗಿರಲಿಲ್ಲ.

ಇದೇ ಮೇಷ್ಟ್ರ ಇನ್ನೊಂದು ಸಂಪತ್ತು ಬಸ್ಸಿನ ಬೋರ್ಡು. ‘ತಿಪಟೂರು’ ನಾಲ್ಕು ಅಕ್ಷರ, ಗುಡಿಸು ಒಂದು, ಕೊಂಬು, ಕೊಂಬಿನ ದೀರ್ಘ. ‘ತುರುವೇಕೆರೆ’ ಐದು, ಕೊಂಬು ಎರಡು, ಉಳಿದದ್ದು ಏತ್ವದ ಸಂತಾನ. ‘ಚಿಕ್ಕನಾಯಕನಹಳ್ಳಿ’ ಎಂಟು ಅಕ್ಷರ, ಎರಡು ಒತ್ತು. ಅದನ್ನು ಬಸ್ಸು ನಿಲ್ಲುವಷ್ಟರಲ್ಲಿ ಓದಿದವನು ಮೂರು ತಾಲ್ಲೂಕು ಗೆದ್ದ ಹಾಗೆ. ಜಾಗ ಸಾಲದೆ ‘ಚಿ.ನಾ.ಹಳ್ಳಿ’ ಎಂದು ಬರೆದ ಬೋರ್ಡು ಬಂದರೆ ಮಕ್ಕಳು ಮೋಸ ಎಂದು ಕೂಗುತ್ತಾರೆ.

ಪುಸ್ತಕದ ಮಾತು ಬಂದರೆ ಮೇಷ್ಟ್ರ ದನಿ ಸ್ವಲ್ಪ ತಗ್ಗುತ್ತದೆ. ಪುಸ್ತಕ ಇಲ್ಲದೆ ಇಲ್ಲ. ನ್ಯಾಷನಲ್ ಬುಕ್ ಟ್ರಸ್ಟಿನ ತೆಳ್ಳನೆಯ ಮಕ್ಕಳ ಪುಸ್ತಕಗಳಿವೆ, 2004ರಲ್ಲಿ ಶುರುವಾದ ಪ್ರಥಮ್ ಬುಕ್ಸ್‌ನ ಬಣ್ಣದ ಕತೆಗಳಿವೆ. ಅದೇ ಸಂಸ್ಥೆ 2015ರಲ್ಲಿ ತೆರೆದ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಕತೆಗಳನ್ನು ಯಾರು ಬೇಕಾದರೂ ಪುಕ್ಕಟೆ ಇಳಿಸಿ ಅಚ್ಚು ಹಾಕಿಕೊಳ್ಳಬಹುದು. ಪಂಚಾಯಿತಿಯ ಗ್ರಂಥಾಲಯಕ್ಕೀಗ ಅರಿವು ಕೇಂದ್ರ ಎಂದು ಹೆಸರು. ಶಾಲೆಗಳು ಮುಚ್ಚಿದ್ದ ಕೊರೊನಾ ಕಾಲದಲ್ಲಿ, 2020ರಲ್ಲಿ, ಹಳ್ಳಿ ಮಕ್ಕಳನ್ನು ಅಲ್ಲಿಗೆ ಸೆಳೆಯಲೆಂದು ‘ಓದುವ ಬೆಳಕು’ ಶುರುವಾಯಿತು. ತೊಂದರೆ ಇರುವುದು ಬೀರುವಿನ ಬೀಗದಲ್ಲಿ. ಪುಸ್ತಕ ಕಳೆದರೆ ಲೆಕ್ಕ ಕೊಡಬೇಕಾದವರು ಪುಸ್ತಕ ಹರಿಯದಂತೆ ನೋಡಿಕೊಳ್ಳುತ್ತಾರೆ, ಓದದಂತೆಯೂ ನೋಡಿಕೊಂಡ ಹಾಗಾಗುತ್ತದೆ. ಈ ಶಾಲೆಯವರು ಒಂದು ಉಪಾಯ ಮಾಡಿದ್ದಾರೆ. ಜಗುಲಿಯ ಕಂಬದಿಂದ ಕಂಬಕ್ಕೆ ಮಕ್ಕಳ ಎದೆಯೆತ್ತರಕ್ಕೆ ಹಗ್ಗ ಕಟ್ಟಿ, ಪುಸ್ತಕಗಳನ್ನು ನಡುಪುಟಕ್ಕೆ ತೆರೆದು ನೇತುಹಾಕಿದ್ದಾರೆ. ಊಟ ಮುಗಿಸಿ ಕೈ ತೊಳೆದವರು ನೇರ ಅಲ್ಲಿಗೆ. ಒದ್ದೆ ಕೈಯ ಗುರುತು ಬಹಳ ಪುಟಗಳಲ್ಲಿದೆ. ಹರಿದದ್ದನ್ನು ಶುಕ್ರವಾರ ಮಕ್ಕಳೇ ಗೋಂದು ಹಚ್ಚಿ ಅಂಟಿಸುತ್ತಾರೆ. ಅಂಟಿಸುವ ನೆಪದಲ್ಲಿ ಇನ್ನೊಮ್ಮೆ ಓದು.

ಕನ್ನಡಕ್ಕೆ ಈ ಸೀಮೆ ಹೊಸದೇನಲ್ಲ. ಕವಿ ಬಿ.ಎಂ.ಶ್ರೀ ಹುಟ್ಟಿದ್ದು 1884ರಲ್ಲಿ, ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ. ‘ಕನ್ನಡ ಮಧ್ಯಮ ವ್ಯಾಕರಣ’ ಬರೆದು ತಲೆಮಾರುಗಳ ಹೈಸ್ಕೂಲು ಮಕ್ಕಳಿಗೆ ಸಂಧಿ ಸಮಾಸ ಹೇಳಿಕೊಟ್ಟ ತೀ.ನಂ.ಶ್ರೀಯವರ ಹೆಸರಿನ ಮೊದಲಕ್ಷರದಲ್ಲಿರುವ ತೀರ್ಥಪುರ ಚಿಕ್ಕನಾಯಕನಹಳ್ಳಿ ತಾಲ್ಲೂಕಿನದು. ಐದನೆಯ ತರಗತಿಯ ಮಕ್ಕಳಿಗೆ ಸಂಪಿಗೆ ಅಂದರೆ ಇನ್ನೂ ಅತ್ತೆಯ ಊರು.

ತಿಂಗಳಿಗೊಮ್ಮೆ ಕ್ಲಸ್ಟರಿನ ಸಮಾಲೋಚನಾ ಸಭೆ. ಅಂಥದೊಂದು ಸಭೆಯಲ್ಲಿ ಕ್ಲಸ್ಟರಿನ ಸಂಪನ್ಮೂಲ ವ್ಯಕ್ತಿ, ಅಂದರೆ ಸಿಆರ್‌ಪಿ, ಮೊದಲು ತಮ್ಮ ಫಾರಂಗಳನ್ನು ಮುಗಿಸಿಕೊಂಡರು. 2021ರಲ್ಲಿ ಬಂದ ನಿಪುಣ್ ಭಾರತದ ಗುರಿಯಂತೆ 2026-27ರೊಳಗೆ ಮೂರನೆಯ ತರಗತಿ ದಾಟುವ ಪ್ರತಿ ಮಗುವಿಗೂ ಓದು, ಬರಹ, ಲೆಕ್ಕದ ಬುನಾದಿ ಬಂದಿರಬೇಕು. ಅದರ ಅಂಕಿಅಂಶ ಇವತ್ತೇ ಅಪ್‌ಲೋಡ್ ಆಗಬೇಕು. ನೆಟ್‌ವರ್ಕ್ ಇಲ್ಲ. ಆ ಬಿಡುವಿನಲ್ಲಿ ಕರಟದ ಮಿಸ್ಸು ತಮ್ಮ ಪಟ್ಟಿಯನ್ನು ಬೋರ್ಡಿನ ಮೇಲೆ ಬರೆದರು. ಹಲವರು ಬರೆದುಕೊಂಡರು. ಇಬ್ಬರು ಫೋಟೊ ಹೊಡೆದುಕೊಂಡರು.

ಹುಳಿಯಾರು ಕಡೆಯ ಊರಿನಿಂದ ಈಚೆಗೆ ವರ್ಗವಾಗಿ ಬಂದಿದ್ದ ಮೇಷ್ಟ್ರೊಬ್ಬರು ತಕರಾರು ತೆಗೆದರು. “ನಿಮ್ಮ ಅಟ್ಟ ನಿಮಗಾಯ್ತು ಮಿಸ್ಸು. ನಾನಿದ್ದ ಕಡೆ ಮಳೆ ಕಮ್ಮಿ, ತೋಟಕ್ಕಿಂತ ಕುರಿ ಜಾಸ್ತಿ. ಈ ಪಟ್ಟಿ ಅಲ್ಲಿ ಓಡಲ್ಲ.”

“ಹಂಗಾರೆ ಅಲ್ಲೀದು ನೀವು ಬರೀರಿ.”

ಮೇಷ್ಟ್ರು ಎದ್ದು ಸೀಮೆಸುಣ್ಣ ಹಿಡಿದರು. ಸ್ವಲ್ಪ ಹೊತ್ತು ಯೋಚಿಸಿ ಬರೆಯತೊಡಗಿದರು: ಹಟ್ಟಿ, ಉಣ್ಣೆ, ರೊಪ್ಪ, ಸೊಪ್ಪು, ಹಿಕ್ಕೆ. ಹಿಂದಿನ ಬೆಂಚಿನಲ್ಲಿದ್ದ, ಕರಾವಳಿಯಿಂದ ಬಂದ ಹೊಸ ಶಿಕ್ಷಕಿ ಕೈ ಎತ್ತಿದರು. ರೊಪ್ಪ ಅಂದರೇನು ಸರ್? ಕುರಿ ಕೂಡುವ ಜಾಗ ಎಂದರು ಮೇಷ್ಟ್ರು. ಹಿಕ್ಕೆ? ಇಡೀ ಸಭೆ ನಕ್ಕಿತು. ಸಿಆರ್‌ಪಿ ಮೊಬೈಲಿನಿಂದ ತಲೆಯೆತ್ತಿ, ಹಿಕ್ಕೆಯನ್ನು ಪಟ್ಟಿಯಲ್ಲಿ ಇಡಬೇಕೋ ಬೇಡವೋ ಎಂದು ಕೇಳಿದರು. ಮಕ್ಕಳು ಮೊದಲು ಓದುವುದೇ ಅದನ್ನ, ಇರಲಿ ಎಂದರು ಮಿಸ್ಸು.